ಪ್ರಶ್ನೋತ್ತರ: ಗಡಿ ಆಚೆ ಈಚೆಯ ಊರುಗಳ ಬೀದಿ ಫೋಟೋ ತೆಗೆಯೋದು ಹೇಗೆ?

ಪ್ರಶ್ನೆ (ಬಸವನಗುಡಿ):
ಮೇಡಂ ನಮಸ್ಕಾರ. ಆರು ವರ್ಷದಿಂದ ಕೆ.ಆರ್. ಮಾರ್ಕೆಟ್, ಅವೆನ್ಯೂ ರೋಡು, ಚಿಕ್ಕಪೇಟೆ ಇಷ್ಟರಲ್ಲೇ ಸುತ್ಕೊಂಡು ಫೋಟೋ ತೆಗೀತಾ ಇದೀನಿ. ಈ ಸಲ ಆಫೀಸಲ್ಲಿ ಹನ್ನೆರಡು ದಿನ ರಜೆ ಸಿಕ್ಕಿದೆ. ಬಿಹಾರದ ರಕ್ಸೌಲ್, ಅದಕ್ಕೆ ಅಂಟ್ಕೊಂಡೇ ಇರೋ ನೇಪಾಳದ ಬೀರ್‌ಗಂಜ್, ಈ ಎರಡು ಊರಿನ ದಿನದ ಬದುಕನ್ನ ಒಂದು ಸರಣಿ ಮಾಡ್ಬೇಕು ಅಂತ ಆಸೆ. ಫ್ರೆಂಡ್ಸ್ ಎಲ್ಲ ಭೂತಾನ್ ಗಡಿಯ ಜೈಗಾಂವ್–ಫುಂಟ್‌ಶೋಲಿಂಗ್‌ಗೆ ಹೋಗು ಅಂತಿದಾರೆ. ನೀವು ಎರಡೂ ಕಡೆ ಫೋಟೋ ಕೆಲಸ ಮಾಡಿದೀರ ಅಂತ ನಮ್ಮ ಗ್ರೂಪ್ ಅಡ್ಮಿನ್ ಹೇಳಿದ್ರು. ಯಾವ್ದು ಆರಿಸ್ಕೊಳ್ಲಿ, ಅಲ್ಲಿ ಹೋಗಿ ಏನು ನೋಡ್ಲಿ?

ಉತ್ತರ:
ನಮಸ್ಕಾರ. ಹನ್ನೆರಡು ದಿನ ಇದೆ ಅಂದ್ರೆ ಕಣ್ಣು ಮುಚ್ಚಿ ರಕ್ಸೌಲ್–ಬೀರ್‌ಗಂಜ್. ಕಾರಣ ಹೇಳ್ತೀನಿ. ಜೈಗಾಂವ್‌ನಲ್ಲಿ ಹಾರ್ನು, ಕೈಗಾಡಿ, ಮೈಕು, ನೂಕುನುಗ್ಗಲು ಎಲ್ಲ ಇದೆ. ಗೇಟ್ ದಾಟಿದ ಕೂಡ್ಲೇ ಫುಂಟ್‌ಶೋಲಿಂಗ್‌ನಲ್ಲಿ ಜೀಬ್ರಾ ಕ್ರಾಸಿಂಗ್ ಮೇಲೆ ಕಾಲಿಟ್ರೆ ಕಾರು ನಿಲ್ಲುತ್ತೆ, ಗಂಡಸರು ಘೋ ಹಾಕಿರ್ತಾರೆ, ಹೆಂಗಸರು ಕೀರಾ ಉಟ್ಟಿರ್ತಾರೆ, ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ವ್ಯತ್ಯಾಸ ಅಷ್ಟು ಎದ್ದು ಕಾಣುತ್ತಲ್ಲ, ಒಂದೇ ಗಂಟೇಲಿ ಎಲ್ರೂ ತೆಗ್ದಿರೋ ಫೋಟೋನ ನೀವೂ ತೆಗ್ದು ಬಿಡ್ತೀರ, ಆಮೇಲೆ ಮುಂದೇನು ಅಂತ ಗೊತ್ತಾಗಲ್ಲ. ನನಗೆ ಹಂಗೇ ಆಯ್ತು, ಮೊದಲ ಸಲ ನಾಲ್ಕು ದಿನ ಸುಮ್ನೆ ಆ ಗೇಟ್ ಸುತ್ತಾನೇ ಗಿರಕಿ ಹೊಡ್ದೆ.

ರಕ್ಸೌಲ್–ಬೀರ್‌ಗಂಜ್ ಹಂಗಲ್ಲ. ಎರಡೂ ಕಡೆ ಭೋಜ್‌ಪುರಿ ಮಾತು, ಅದೇ ದೇವರು, ಅದೇ ಧೂಳು, ಹೆಣ್ಣು ಕೊಟ್ಟು ತಗೊಂಡು ಬೆಳೆದಿರೋ ಸಂಬಂಧ. ಅವರು ಇದನ್ನ ರೋಟಿ-ಬೇಟಿ ಸಂಬಂಧ ಅಂತಾರೆ. ಭಾರತ ನೇಪಾಳದ ಮಧ್ಯೆ 1950ರ ಒಪ್ಪಂದ ಇದೆ, ನಮಗೆ ವೀಸಾ ಬೇಡ, ಹಾಗಾಗಿ ಜನ ದಿನಾ ಬೆಳಗಾದ್ರೆ ಸೇತುವೆ ದಾಟಿ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರ್ತಾರೆ. ಅಲ್ಲಿ ಗಡಿ ನಿಮ್ಮ ಕಣ್ಣಿಗೆ ತಾನಾಗೇ ಬೀಳಲ್ಲ, ನೀವೇ ಹುಡುಕ್ಬೇಕು. ಫೋಟೋದವರಿಗೆ ಅದಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ ಅಂತ ನಾನು ನಂಬ್ಕೊಂಡಿದೀನಿ.

ಹುಡುಕೋದು ಎಲ್ಲಿ ಅಂದ್ರೆ ಸಣ್ಣ ಸಣ್ಣ ವಸ್ತುಗಳಲ್ಲಿ. ನೇಪಾಳದ ಟೈಮು ನಮಗಿಂತ ಹದಿನೈದು ನಿಮಿಷ ಮುಂದೆ, ಹಾಗಾಗಿ ಎರಡು ಕಟಿಂಗ್ ಶಾಪ್‌ನ ಗೋಡೆ ಗಡಿಯಾರ ಒಂದೇ ಹೊತ್ತಲ್ಲಿ ಬೇರೆ ಬೇರೆ ತೋರಿಸ್ತವೆ. ಗೋಡೆ ಕ್ಯಾಲೆಂಡರ್ ನೋಡಿ, ಅಲ್ಲಿ ವಿಕ್ರಮ ಶಕೆ ನಡೆಯುತ್ತೆ, ನಮ್ಮ 2025ರ ಏಪ್ರಿಲ್ ಮಧ್ಯದಲ್ಲಿ ಅವರಿಗೆ 2082 ಶುರುವಾಯ್ತು. ಅಲ್ಲಿನ ಖಾಸಗಿ ಗಾಡಿಗಳ ನಂಬರ್ ಪ್ಲೇಟ್ ಕೆಂಪು. ರಕ್ಸೌಲ್ ಅಂಗಡಿಗಳ ಗಲ್ಲಾ ಪೆಟ್ಟಿಗೇಲಿ ಎರಡೂ ದೇಶದ ನೋಟು ಇರ್ತವೆ. 1993ರಿಂದ ನಮ್ಮ 100 ರೂಪಾಯಿಗೆ ಅವರ 160 ಅಂತ ದರ ಕಟ್ಟಿದಾರೆ, ಹತ್ತು ವರ್ಷದ ಹುಡುಗ ಕೂಡ ಆ ಲೆಕ್ಕನ ಬಾಯಲ್ಲೇ ಹೇಳ್ತಾನೆ, ಆ ಹೊತ್ತಿನ ಅವನ ಬೆರಳು, ತುಟಿ ನೋಡಿ. ನೇಪಾಳದಲ್ಲಿ ವಾರದ ರಜೆ ಶನಿವಾರ. ಶನಿವಾರ ಬೆಳಿಗ್ಗೆ ಬೀರ್‌ಗಂಜ್ ಘಂಟಾಘರ್ (ಗಡಿಯಾರ ಗೋಪುರ) ಹತ್ರ ಬೀದಿ ಬಿಡುವಾಗಿರುತ್ತೆ, ಅದೇ ಹೊತ್ತಲ್ಲಿ ರಕ್ಸೌಲ್ ಕಿಕ್ಕಿರಿದು ತುಂಬಿರುತ್ತೆ. ನಿಮ್ಮ ಹನ್ನೆರಡು ದಿನದಲ್ಲಿ ಎರಡು ಶನಿವಾರ ಬರೋ ಹಾಗೆ ಟಿಕೆಟ್ ಮಾಡಿಸಿ.

ಇನ್ನೊಂದು ಮಾತು. ಹೋಗೋಕ್ ಮುಂಚೆ ಮೂರ್ನಾಲ್ಕು ಭಾನುವಾರ ಅತ್ತಿಬೆಲೆ–ಹೊಸೂರು ಹೋಗಿ ಬನ್ನಿ. ಅದು ದೇಶದ ಗಡಿ ಅಲ್ಲ, ರಾಜ್ಯದ್ದು, ಆದ್ರೂ ಬೋರ್ಡಿನ ಅಕ್ಷರ ಬದಲಾಗೋ ಜಾಗ, ಟೀ ಅಂಗಡೀಲಿ ಒಂದೇ ವಾಕ್ಯದೊಳಗೆ ಎರಡು ಭಾಷೆ ಬರೋದು, ಇದೆಲ್ಲ ಅಲ್ಲೇ ಕಲಿಬಹುದು. ಒಬ್ಬ ಟೈಲರ್ ಈ ಕಡೆ, ಒಬ್ಬ ಟೈಲರ್ ಆ ಕಡೆ, ಒಂದೇ ಲೆನ್ಸು, ಅಷ್ಟೇ ದೂರ, ಅದೇ ಹೊತ್ತು. ಎರಡು ಫೋಟೋ ಪಕ್ಕ ಪಕ್ಕ ಇಟ್ಟಾಗ ಏನು ಕಾಣುತ್ತೆ ಅಂತ ಮನೇಲಿ ಕೂತು ನೋಡಿ. ಇದು ಬಂದ್ರೆ ರಕ್ಸೌಲ್‌ನಲ್ಲಿ ಮೊದಲ ದಿನದಿಂದಲೇ ಕೈ ಓಡುತ್ತೆ.

ಪ್ರಶ್ನೆ (ಯಲಹಂಕ):
ಮೇಡಂ, ಕಾಗದ ಪತ್ರ ಏನೇನು ಬೇಕು? ಗಡೀಲಿ ಕ್ಯಾಮೆರಾ ಹಿಡ್ಕೊಂಡ್ರೆ ಪೊಲೀಸ್ ಬಿಡ್ತಾರಾ? ಡ್ರೋನ್ ತಗೊಂಡ್ ಹೋಗ್ಬಹುದಾ?

ಉತ್ತರ:
ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಎರಡರಲ್ಲಿ ಒಂದು ಒರಿಜಿನಲ್ ಜೇಬಲ್ಲಿರ್ಲಿ. ಭೂತಾನ್ ಕಡೆ ಆಧಾರ್ ನಡೆಯಲ್ಲ, ಒಳಗಡೆ ರಾತ್ರಿ ಉಳಿದ್ರೆ ನಮ್ಮವರಿಗೂ ರಾತ್ರಿಗೆ 1200 ರೂಪಾಯಿ ಶುಲ್ಕ ಇದೆ. ಕ್ಯಾಮೆರಾ, ಲೆನ್ಸು ಬಿಲ್ಲಿನ ಪ್ರತಿ ಇಟ್ಕೊಳ್ಳಿ, ವಾಪಸ್ ಬರುವಾಗ ಕಸ್ಟಮ್ಸ್‌ನವರು ಇದು ಆ ಕಡೆ ಕೊಂಡಿದ್ದಾ ಅಂತ ಕೇಳಿದ್ರೆ ಕೆಲಸಕ್ಕೆ ಬರುತ್ತೆ. ಒಂದು ಬಾಡಿ, ಎರಡು ಲೆನ್ಸ್ ಸಾಕು. ಹಣ 100ರ ನೋಟುಗಳಲ್ಲಿ ಇರ್ಲಿ, ದೊಡ್ಡ ನೋಟಿನ ನಿಯಮ ಅಲ್ಲಿ ಆಗಾಗ ಬದಲಾಗಿದೆ. ಡ್ರೋನ್ ಮನೇಲೇ ಬಿಡಿ, ಗಡಿ ಪಕ್ಕ ಅದನ್ನ ಹಾರಿಸಿದ್ರೆ ಕ್ಯಾಮೆರಾ ಒಂದೇ ಅಲ್ಲ ನೀವೂ ಸಿಕ್ಕಾಕ್ಕೊಳ್ತೀರ.

ನಮ್ಮ ಕಡೆ ನೇಪಾಳ, ಭೂತಾನ್ ಎರಡೂ ಗಡಿ ಕಾಯೋದು ಎಸ್‌ಎಸ್‌ಬಿ, ಅಂದ್ರೆ ಸಶಸ್ತ್ರ ಸೀಮಾ ಬಲ ಅನ್ನೋ ಕೇಂದ್ರ ಪಡೆ. ಚೆಕ್‌ಪೋಸ್ಟು, ಸ್ಕ್ಯಾನರ್ರು, ಕ್ಯಾಂಪು, ಡ್ಯೂಟೀಲಿರೋ ಜವಾನರು, ಸೇತುವೆ, ಇವುಗಳ ಕಡೆ ಕ್ಯಾಮೆರಾ ಎತ್ಲೇಬೇಡಿ. ನನ್ನ ಎರಡನೇ ಪ್ರವಾಸದಲ್ಲಿ ಬಟ್ಟೆ ಗಂಟು ಹೊತ್ಕೊಂಡು ಹೋಗ್ತಿದ್ದ ಅಜ್ಜಿ ಫೋಟೋ ತೆಗ್ದೆ, ಹಿಂದೆ ಕಾವಲು ಚೌಕಿ ಫ್ರೇಮಲ್ಲಿ ಬಂದಿದ್ದು ನನಗೆ ಗೊತ್ತೇ ಆಗ್ಲಿಲ್ಲ. ಯೂನಿಫಾರ್ಮ್‌ನಲ್ಲಿದ್ದ ಒಬ್ರು ಬಂದು ಮೆಮೊರಿ ಕಾರ್ಡ್ ತೆಗೆಸಿದ್ರು, ಮೂರು ಗಂಟೆ ಬೆಂಚಿನ ಮೇಲೆ ಕೂರಿಸಿದ್ರು, ಎರಡು ದಿನದ ಕೆಲಸ ಪೂರ್ತಿ ಅಳಿಸಿದ್ರು. ನನಗೆ ಅಳು ಬಂತು, ಆದ್ರೆ ತಪ್ಪು ನನ್ನದೇ, ಹಿನ್ನೆಲೆ ನೋಡಿರ್ಲಿಲ್ಲ. ಆವತ್ತಿಂದ ದಿನಾ ಮಧ್ಯಾಹ್ನ ಊಟಕ್ಕೆ ರೂಮಿಗೆ ಬಂದಾಗ ಕಾರ್ಡ್ ಬದಲಾಯಿಸ್ತೀನಿ, ಬೆಳಗಿನ ಕಾರ್ಡ್ ಬ್ಯಾಗಲ್ಲಿ ಸುತ್ತಲ್ಲ. ಊರಿಗೆ ಹೋದ ದಿನವೇ ಹತ್ತಿರದ ಠಾಣೆಗೆ ಹೋಗಿ ಹಿಂಗಿಂಗೆ ಬೆಂಗಳೂರಿಂದ ಬಂದಿದೀನಿ, ಮಾರ್ಕೆಟ್ ಫೋಟೋ ತೆಗೀತೀನಿ ಅಂತ ಹೇಳಿ ಬರ್ತೀನಿ. ಅರ್ಧ ಗಂಟೆ ಹೋಗುತ್ತೆ, ಹೋಗ್ಲಿ.

ಪ್ರಶ್ನೆ (ರಾಜಾಜಿನಗರ):
ಕ್ಯಾಮೆರಾ ಸೆಟ್ಟಿಂಗ್ ಏನಾದ್ರೂ ಬೇರೆ ಇಟ್ಕೋಬೇಕಾ ಮೇಡಂ?

ಉತ್ತರ:
ಒಂದೇ ಒಂದು, ಗಡಿಯಾರ. ಸೇತುವೆ ಹತ್ರ ಫೋನು ಒಮ್ಮೆ ಈ ಟವರ್ ಹಿಡಿಯುತ್ತೆ, ಒಮ್ಮೆ ಆ ಟವರ್, ಟೈಮು ಹದಿನೈದು ನಿಮಿಷ ಹಿಂದೆ ಮುಂದೆ ಹಾರ್ತಾ ಇರುತ್ತೆ. ಕ್ಯಾಮೆರಾನ ಫೋನಿಗೆ ಜೋಡಿಸಿ ಟೈಮ್ ತಗೊಳ್ಳೋ ಹಾಗೆ ಇಟ್ಟಿದ್ರೆ ಮನೆಗೆ ಬಂದು ಜೋಡಿ ಫೋಟೋ ಹೊಂದಿಸೋವಾಗ ತಲೆ ಕೆಟ್ಟು ಹೋಗುತ್ತೆ. ಕೈಯಲ್ಲೇ ಭಾರತದ ಟೈಮ್ ಇಟ್ಟು ಕೊನೇವರೆಗೂ ಮುಟ್ಬೇಡಿ. ಮೊಬೈಲ್ ರೋಮಿಂಗ್ ಆಫ್ ಮಾಡಿ. ಬೆಳಕಿನ ಬಗ್ಗೆ ಹೇಳೋದಾದ್ರೆ ಡಿಸೆಂಬರ್–ಜನವರೀಲಿ ಆ ತರಾಯಿ ಬಯಲಲ್ಲಿ ಮಂಜು ದಟ್ಟವಾಗಿ ಕೂರುತ್ತೆ, ಹತ್ತು ಹನ್ನೊಂದಾದ್ರೂ ಬಿಸಿಲು ಬರಲ್ಲ, ನನಗೆ ಅದೇ ಇಷ್ಟ, ಮಂಜಲ್ಲಿ ಬರೋ ರಿಕ್ಷಾ ಯಾವ ದೇಶದ್ದು ಅಂತ ಹತ್ರ ಬರೋವರೆಗೂ ಗೊತ್ತಾಗಲ್ಲ.

ಪ್ರಶ್ನೆ (ಜಯನಗರ, ಫೋಟೋಗ್ರಫಿ ಓದ್ತಿರೋ ವಿದ್ಯಾರ್ಥಿನಿ):
ಅಕ್ಕ, ತಲೆ ಮೇಲೆ, ಸೈಕಲ್ ಮೇಲೆ ಸಾಮಾನು ಹೊತ್ಕೊಂಡು ಗಡಿ ದಾಟೋರ ಫೋಟೋ ತುಂಬ ನೋಡಿದೀನಿ, ಚೆನ್ನಾಗಿರ್ತವೆ. ತೆಗೀಬಹುದಾ? ಕೇಳಿ ತೆಗೀಬೇಕಾ, ಕೇಳ್ದೇನಾ?

ಉತ್ತರ:
ಇದನ್ನ ಕೇಳಿದ್ದಕ್ಕೆ ತುಂಬ ಸಂತೋಷ ಆಯ್ತಮ್ಮ, ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಬೀರ್‌ಗಂಜ್ ಜನ ಮನೆ ಸಾಮಾನು, ಬಟ್ಟೆ ಕೊಳ್ಳೋಕೆ ರಕ್ಸೌಲ್‌ಗೆ ಬರ್ತಾರೆ. ವಾಪಸ್ ಹೋಗುವಾಗ ಅವರ ಕಡೆ ಕಸ್ಟಮ್ಸ್ ತಪಾಸಣೆ ಇದೆ. ಸ್ವಲ್ಪ ಸಕ್ಕರೆ, ಎರಡು ಸೀರೆ, ಒಂದು ಮಿಕ್ಸಿ ಹಿಡ್ಕೊಂಡು ಹೋಗೋ ಹೆಂಗಸಿಗೆ ಅದು ಸಂಸಾರ, ಕಾಗದದ ಮೇಲೆ ಅದು ಬೇರೇನೋ ಆಗ್ಬಹುದು. ನೀನು ಅವಳ ಮುಖ, ಗಂಟು, ದಾರಿ ಮೂರೂ ಸೇರಿಸಿ ಇನ್‌ಸ್ಟಾಗ್ರಾಮ್‌ಗೆ ಜಾಗದ ಹೆಸರು ಸಮೇತ ಹಾಕಿದ್ರೆ ನಿನಗೆ ಲೈಕು ಸಿಗುತ್ತೆ, ಅವಳಿಗೆ ಆ ದಾರಿ ಮುಚ್ಚಿಹೋಗ್ಬಹುದು. ಇಂಥ ಫೋಟೋ ನನ್ನ ಹತ್ರ ನಲವತ್ತರ ಮೇಲಿದೆ, ಒಂದನ್ನೂ ಎಲ್ಲೂ ಹಾಕಿಲ್ಲ, ಹಾಕೋದೂ ಇಲ್ಲ.

ಉಳಿದವರನ್ನ ಕೇಳಿ ತೆಗಿ. ನಿನ್ನ ಹಿಂದಿ ಅರ್ಧಂಬರ್ಧ ಆದ್ರೂ ಪರವಾಗಿಲ್ಲ. ಮೊದಲ ಎರಡು ದಿನ ಕ್ಯಾಮೆರಾ ತೆಗೀಲೇ ಬೇಡ, ಒಂದೇ ಟೀ ಅಂಗಡೀಲಿ ಬೆಳಿಗ್ಗೆ ಸಂಜೆ ಕೂತ್ಕೋ, ಮೂರನೇ ದಿನ ಅವರೇ ಏನಮ್ಮ ಬ್ಯಾಗಲ್ಲಿ ಅಂತ ಕೇಳ್ತಾರೆ. ಹೆಂಗಸಾಗಿರೋದು ಒಂದು ಅನುಕೂಲ, ಸೆರಗು ಮುಖಕ್ಕೆ ಎಳ್ಕೊಳ್ಳೋ ಮನೆಗಳಲ್ಲೂ ಒಳಗೆ ಕರೀತಾರೆ. ಹಾಗಂತ ಒಳಗೆ ಸೆರಗಿಲ್ದೆ ನಗ್ತಾ ಕೂತ ಸೊಸೆ ಫೋಟೋ ಹೊರಗೆ ಬರಬೇಕಾ ಅನ್ನೋದನ್ನ ಅವಳೇ ಹೇಳ್ಬೇಕು.

2015ರ ಸೆಪ್ಟೆಂಬರ್‌ನಿಂದ 2016ರ ಫೆಬ್ರವರಿವರೆಗೆ ಇದೇ ಸೇತುವೆ ಮೇಲೆ ನೇಪಾಳದ ಬಯಲು ಸೀಮೆಯ ಮಧೇಸಿ ಜನರ ಚಳವಳಿಯವರು ಕೂತಿದ್ರು, ಲಾರಿ ನಿಂತವು, ಆ ಕಡೆ ಗ್ಯಾಸು, ಪೆಟ್ರೋಲು, ಔಷಧಿಗೆ ಪರದಾಟ. ಭಾರತ ನಾಕಾಬಂದಿ ಮಾಡ್ತು ಅಂತ ನೇಪಾಳದಲ್ಲಿ ಹೇಳಿದ್ರು, ಇಲ್ಲ ಅದು ಅವರೊಳಗಿನ ಚಳವಳಿ ಅಂತ ನಮ್ಮ ಸರ್ಕಾರ ಹೇಳ್ತು. ಟೀ ಕುಡೀತಾ ಯಾರಾದ್ರೂ ಆ ಚಳಿಗಾಲದ ಮಾತು ತೆಗೆದ್ರೆ ವಾದ ಮಾಡ್ಬೇಡ, ಕೇಳಿಸ್ಕೋ. ಆಮೇಲೆ ಅವರ ಅಡುಗೆಮನೆ ಸಿಲಿಂಡರ್ ಕೂಡ ನಿನಗೆ ಬೇರೆ ಥರ ಕಾಣುತ್ತೆ.

ಪ್ರಶ್ನೆ (ಮತ್ತೆ ಬಸವನಗುಡಿ):
ತುಂಬ ಥ್ಯಾಂಕ್ಸ್ ಮೇಡಂ, ಅತ್ತಿಬೆಲೆಗೆ ಈ ಭಾನುವಾರಾನೇ ಹೋಗ್ತೀನಿ. ಎರಡು ಪ್ರಶ್ನೆ. ಛಠ್ ಹಬ್ಬದ ಟೈಮಿಗೆ ಹೋಗ್ಲಾ? ಫೋಟೋ ಪ್ರಿಂಟ್ ಮಾಡಿ ಅವರಿಗೆ ಕೊಡೋದು ಹೇಗೆ?

ಉತ್ತರ:
ಛಠ್‌ಗೆ ಹೋಗಿ, ಆದ್ರೆ ಒಂದು ವಾರ ಮುಂಚೆ ತಲುಪಿ. ದೀಪಾವಳಿ ಕಳೆದ ಆರನೇ ದಿನ ಸಂಜೆ ಮುಳುಗೋ ಸೂರ್ಯನಿಗೆ ಅರ್ಘ್ಯ, ಮಾರನೇ ಬೆಳಿಗ್ಗೆ ಹುಟ್ಟೋ ಸೂರ್ಯನಿಗೆ. ಬೀರ್‌ಗಂಜ್‌ನ ಘಡಿಅರ್ವಾ ಪೋಖರಿ ಅನ್ನೋ ಕೆರೇಲಿ ಜನ ತುಂಬಿರ್ತಾರೆ, ಅದೇ ಹೊತ್ತಲ್ಲಿ ರಕ್ಸೌಲ್ ಘಾಟ್‌ಗಳಲ್ಲೂ. ಸಂಜೆ ಒಂದು ದೇಶ, ಬೆಳಿಗ್ಗೆ ಇನ್ನೊಂದು ದೇಶ, ಒಂದೇ ಸೂರ್ಯ, ಇಂಥ ಅವಕಾಶ ಬೇರೆ ಎಲ್ಲಿದೆ ಹೇಳಿ. ಚಪ್ಪಲಿ ದೂರ ಬಿಡಿ, ಹಣ್ಣು, ಠೇಕುವಾ ಅನ್ನೋ ಸಿಹಿ ತಿಂಡಿ ಇಟ್ಟಿರೋ ಬಿದಿರಿನ ಮೊರಕ್ಕೆ ನಿಮ್ಮ ಬ್ಯಾಗ್ ತಾಗ್ಬಾರ್ದು, ಸೂರ್ಯನಿಗೂ ವ್ರತದವರಿಗೂ ಮಧ್ಯೆ ನಿಲ್ಲಬೇಡಿ. ಒಂದೂವರೆ ದಿನ ನೀರು ಕೂಡ ಮುಟ್ಟದೆ ನಿಂತಿರ್ತಾರೆ ಅವರು. ಎರಡೂ ಊರಿನ ನಡುವೆ ಹರಿಯೋ ಸಿರ್ಸಿಯಾ ನದೀನೂ ನೋಡಿ, ಬೀರ್‌ಗಂಜ್ ಕಡೆ ಕಾರ್ಖಾನೆಗಳ ಕೊಳೆ ಬಿದ್ದು ಕಪ್ಪಗಾಗಿದೆ, ಅದನ್ನೂ ತೆಗೀರಿ, ಹಬ್ಬದ ಚಂದ ಒಂದೇ ತಂದ್ರೆ ಆ ಊರಿನವರಿಗೆ ಅನ್ಯಾಯ.

ಹೋಗೋಕೆ ಸಂಘಮಿತ್ರ ರೈಲು ಹತ್ತಿ ಪಟ್ನಾ ಪಕ್ಕದ ದಾನಾಪುರ, ಪಟ್ನಾದಿಂದ ಬಸ್ಸು. ಛಠ್ ಟೈಮಲ್ಲಿ ಬಿಹಾರದ ರೈಲಿಗೆ ಟಿಕೆಟ್ ಸಿಗೋದು ಬಹಳ ಕಷ್ಟ, ಬುಕಿಂಗ್ ತೆರೆದ ದಿನವೇ ಮಾಡಿ. ಬೆಂಗಳೂರಲ್ಲಿ ಕಟ್ಟಡ ಕೆಲಸ, ಹೋಟೆಲ್ ಕೆಲಸ ಮಾಡೋ, ರಕ್ಸೌಲ್ ಸುತ್ತಲಿನ ಚಂಪಾರಣ್ ಸೀಮೆಯ ಹುಡುಗರು ಅದೇ ರೈಲಲ್ಲಿ ಊರಿಗೆ ಹೋಗ್ತಿರ್ತಾರೆ, ಎರಡು ದಿನದ ದಾರೀಲಿ ಪರಿಚಯ ಮಾಡ್ಕೊಳ್ಳಿ, ನನಗೆ ರಕ್ಸೌಲ್‌ನಲ್ಲಿ ಮೊದಲ ಊಟ ಹಾಕಿದ್ದು ಅಂಥ ಒಬ್ಬ ಹುಡುಗನ ತಾಯಿ.

ಪ್ರಿಂಟ್‌ಗೆ ಪೋಸ್ಟ್ ನಂಬ್ಕೋಬೇಡಿ, ಅಲ್ಲೇ ಪೇಟೆ ಸ್ಟುಡಿಯೋದಲ್ಲಿ ದಿನಾ ಸಂಜೆ ನಾಲ್ಕಾರು ಹಾಕಿಸಿ ಮಾರನೇ ಬೆಳಿಗ್ಗೆ ಕೈಗೆ ಕೊಡಿ. ಬೀರ್‌ಗಂಜ್‌ನ ಒಬ್ಬ ಟೈಲರ್‌ಗೆ ಅವರ ಫೋಟೋ ಕೊಟ್ಟಾಗ ಅವರು ಅದನ್ನ ತಿರುಗಿಸಿ ನೋಡಿ ಇನ್ನೊಂದು ಬೇಕು ಅಂದ್ರು. ಯಾಕೆ ಅಂದ್ರೆ ಮಗಳನ್ನ ರಕ್ಸೌಲ್‌ಗೆ ಕೊಟ್ಟಿದಾರಂತೆ, ಅವಳ ಮನೇಲೂ ಅಪ್ಪನ ಫೋಟೋ ಇರ್ಲಿ ಅಂತ. ಇನ್ನೊಂದು ಹಾಕಿಸಿ ಸೇತುವೆ ದಾಟಿ ನಾನೇ ಕೊಟ್ಟು ಬಂದೆ. ಆ ಮಗಳು ತನ್ನ ಮನೆ ಬಾಗಿಲಲ್ಲಿ ಆ ಫೋಟೋ ಹಿಡ್ಕೊಂಡು ನಿಂತಿದ್ದೇ ನನ್ನ ಸರಣಿಯ ಕೊನೇ ಚಿತ್ರ.