ಯೆಲ್ಲೋಸ್ಟೋನ್‌ನ ಹಿಮದಾರಿ: ಎಲ್ಲಿ ನಿಲ್ಲಬೇಕು, ಎಲ್ಲಿ ತಂಗಬೇಕು?

ಪ್ರಶ್ನೆ (ದಾವಣಗೆರೆ):
ಜನವರಿಯಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗುವಾಗ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡಿಸುವ ಬೈಕಿನಂಥ ವಾಹನ) ಸವಾರಿ ಮಾಡಬೇಕೆಂಬುದು ನಮ್ಮ ದಂಪತಿಗಳ ಆಸೆ. ದಾರಿಯಲ್ಲಿ ನೋಡಲೇಬೇಕಾದ ತಾಣಗಳನ್ನೂ ರಾತ್ರಿ ತಂಗುವ ಅನುಕೂಲವನ್ನೂ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ಚಿತ್ರದುರ್ಗ):
ಸರ್, ವೆಸ್ಟ್ ಯೆಲ್ಲೋಸ್ಟೋನ್ ಪಟ್ಟಣದಿಂದ ಓಲ್ಡ್ ಫೇತ್‌ಫುಲ್ ಎಂಬ ಚಿಮ್ಮುವ ಬಿಸಿನೀರಿನ ಬುಗ್ಗೆಯವರೆಗಿನ ಸುಮಾರು 48 ಕಿ.ಮೀ. ದಾರಿಯನ್ನೇ ಆರಿಸಿಕೊಳ್ಳಿ. ಮೊದಲ ಭಾಗದಲ್ಲಿ ಜೊತೆಗೇ ಹರಿಯುವ ಮ್ಯಾಡಿಸನ್ ನದಿಗೆ ಬಿಸಿನೀರಿನ ಬುಗ್ಗೆಗಳ ನೀರು ಸೇರುವುದರಿಂದ ಅದು ಕಡು ಚಳಿಯಲ್ಲೂ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ದಡದಲ್ಲಿ ಕಾಡೆಮ್ಮೆಗಳು ತಲೆಯಿಂದ ಹಿಮವನ್ನು ಅತ್ತಿತ್ತ ತಳ್ಳಿ ಅಡಿಯ ಒಣಹುಲ್ಲನ್ನು ಮೇಯುತ್ತಿರುತ್ತವೆ. ಅಲ್ಲಿ ಅವಸರಪಡಬೇಡಿ. ಮುಂದೆ ಫೌಂಟನ್ ಪೇಂಟ್ ಪಾಟ್‌ನಲ್ಲಿ ಕುದಿಯುವ ಕೆಸರು ಗುಳುಗುಳು ಎನ್ನುವುದನ್ನು ಹತ್ತಿರದಿಂದ ನೋಡಬಹುದು, ಆದರೆ ಮರದ ಕಾಲುಹಾದಿ ಬಿಟ್ಟು ಇಳಿಯಲೇಬಾರದು.

ಉತ್ತರ (ದಾವಣಗೆರೆ):
ತಂಗಲು ನನ್ನ ಆಯ್ಕೆ ಓಲ್ಡ್ ಫೇತ್‌ಫುಲ್ ಸ್ನೋ ಲಾಡ್ಜ್. ಚಳಿಗಾಲದಲ್ಲಿ ಅಲ್ಲಿಗೆ ಕಾರು ಹೋಗುವುದಿಲ್ಲ, ಸ್ನೋಮೊಬೈಲ್ ಅಥವಾ ಸ್ನೋಕೋಚ್ (ಹಿಮದ ಮೇಲೆ ಓಡುವ ಮುಚ್ಚಿದ ಪ್ರವಾಸಿ ವಾಹನ) ಮಾತ್ರ. ಕೊಠಡಿಗಳು ಬೇಗ ಭರ್ತಿಯಾಗುವುದರಿಂದ ಬಹಳ ಮುಂಚಿತವಾಗಿ ಕಾಯ್ದಿರಿಸಿ. ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುವ ಬುಗ್ಗೆ ನಡೆದು ಹೋಗುವಷ್ಟು ಸಮೀಪದಲ್ಲಿದೆ. ಲಾಡ್ಜ್‌ನಲ್ಲಿ ಕೊಠಡಿ ಸಿಗದಿದ್ದರೆ ವೆಸ್ಟ್ ಯೆಲ್ಲೋಸ್ಟೋನ್‌ನ ಹೋಟೆಲಿನಲ್ಲಿ ಉಳಿದು ಒಂದೇ ದಿನದಲ್ಲಿ ಹೋಗಿಬರಬಹುದು.

ಉತ್ತರ (ಚಿತ್ರದುರ್ಗ):
ಒಂದು ಮಾತು ಸೇರಿಸುತ್ತೇನೆ. ಉದ್ಯಾನದೊಳಗೆ ಬೇಕಾದಂತೆ ಒಬ್ಬರೇ ಓಡಿಸುವಂತಿಲ್ಲ. ಪ್ರವಾಸಿಗರು ಸಾಮಾನ್ಯವಾಗಿ ಪರವಾನಗಿ ಪಡೆದ ಮಾರ್ಗದರ್ಶಕರ ತಂಡದೊಂದಿಗೇ ಹೋಗುತ್ತಾರೆ, ಓಡಿಸುವವರ ಬಳಿ ವಾಹನ ಚಾಲನಾ ಪರವಾನಗಿ ಇರಲೇಬೇಕು. ಮಂಡಿನೋವಿದ್ದರೆ ಮೇಡಂ ಅವರಿಗೆ ಸ್ನೋಕೋಚ್ ಹೆಚ್ಚು ಹಿತ.