ಅಪ್ಪನ ಕೈ ನಡುಕ ಮತ್ತು ಎರಡು ಸೊನ್ನೆ

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ ಮೇಡಂ. ಅಪ್ಪನಿಗೆ 72. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಮ್ಮ ಕನ್ನಡ ಸಂಘದ ಲೆಕ್ಕ ಅವರೇ ಬರೆಯುತ್ತಾರೆ. ಎರಡು ವರ್ಷದಿಂದ ಕೈ ನಡುಗುತ್ತದೆ. ಡಾಕ್ಟರು ಎಸೆನ್ಷಿಯಲ್ ಟ್ರೆಮರ್ ಅಂದಿದ್ದಾರೆ, ಮಾತ್ರೆ ನಡೆಯುತ್ತಿದೆ. ಮೊನ್ನೆ ಎಕ್ಸೆಲ್‌ನಲ್ಲಿ 500 ಅಂತ ಹೊಡೆದರೆ 50000 ಬಿತ್ತು. ಡಬಲ್ ಕ್ಲಿಕ್ ಮಾಡಲು ಹೋದರೆ ಫೈಲೇ ಮಾಯ. "ಬೇರೆ ಯಾರಿಗಾದರೂ ಕೊಡಿ" ಅಂತ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಾರೆ. ಇಂಥವರಿಗೆ ಬೇರೆ ಮೌಸ್ ಸಿಗುತ್ತದಾ?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ, ಪುಣೆ):
ಸಿಗುತ್ತದೆ, ಆದರೆ ಈಗಲೇ ಅಂಗಡಿಗೆ ಓಡಬೇಡಿ. ಮೊದಲು ದುಡ್ಡು ಬೇಡದ ಕೆಲಸ ಮಾಡಿ.

ಫೈಲ್ ಮಾಯವಾಗಿಲ್ಲ. ಒತ್ತಿದ ಬೆರಳು ಬಿಡುವ ಮೊದಲೇ ಕೈ ನಡುಗಿ, ಫೈಲು ಪಕ್ಕದ ಫೋಲ್ಡರಿಗೆ ಜಾರಿದೆ. ಆದಕೂಡಲೇ ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತದೆ. ಡಬಲ್ ಕ್ಲಿಕ್ಕಿನ ಗೋಜೇ ಬೇಡ: ಫೈಲ್ ಎಕ್ಸ್‌ಪ್ಲೋರರಿನ ಆಪ್ಷನ್ಸ್‌ಗೆ ಹೋಗಿ ಒಂದೇ ಕ್ಲಿಕ್ಕಿಗೆ ತೆರೆಯುವಂತೆ ಮಾಡಿ. ಮೌಸ್ ಬಾಣದ ವೇಗವನ್ನೂ ಇಳಿಸಿ.

ಸೊನ್ನೆಯ ಕಾಟಕ್ಕೆ ಫಿಲ್ಟರ್ ಕೀಸ್ ಇದೆ, ಬೇಡದೆ ತಗುಲಿದ ಕೀಗಳನ್ನು ಬಿಟ್ಟುಬಿಡುವ ವಿಂಡೋಸ್‌ನದೇ ಸೌಲಭ್ಯ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್. ಅಲ್ಲಿ ಬೌನ್ಸ್ ಕೀಸ್ ಹಾಕಿ ಅರ್ಧ ಸೆಕೆಂಡಿಗೆ ಇಡಿ. ಅದೇ ಕೀ ಅಷ್ಟರೊಳಗೆ ಮತ್ತೆ ತಗುಲಿದರೆ ಕಂಪ್ಯೂಟರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಲಗಡೆ ಶಿಫ್ಟ್ 8 ಸೆಕೆಂಡು ಒತ್ತಿ ಹಿಡಿದರೂ ಫಿಲ್ಟರ್ ಕೀಸ್ ಆನ್, ಆಫ್ ಆಗುತ್ತದೆ. ಆ ಶಾರ್ಟ್‌ಕಟ್ ಆಫ್ ಮಾಡಿಬಿಡಿ, ಇಲ್ಲದಿದ್ದರೆ ಗೊತ್ತಿಲ್ಲದೇ ಒತ್ತಿ ಗಾಬರಿಯಾಗುತ್ತಾರೆ.

ಮುಖ್ಯವಾಗಿ, ಮೊಣಕೈ ಗಾಳಿಯಲ್ಲಿ ತೂಗಬಾರದು. ಮುಂಗೈ ಪೂರ್ತಿ ಮೇಜಿನ ಮೇಲೆ ಕೂರಬೇಕು. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಇರುವುದೇ ಮಂಚದ ಮೇಲೆ!

ಪ್ರಶ್ನಿಸಿದವರು:
ಹಾಕಿದೆವು ಮೇಡಂ. ಈಗ 500 ಹೊಡೆದರೆ 50 ಬರುತ್ತಿದೆ, ಅಪ್ಪ ಇನ್ನೂ ಸಿಟ್ಟಾದರು!

ಉತ್ತರ:
ಅವರ ಸಿಟ್ಟು ಸರಿಯೇ. ಎರಡನೇ ಸೊನ್ನೆಯೂ ಬೇಗ ಬಿದ್ದಿದೆ, ಕಂಪ್ಯೂಟರ್ ಅದನ್ನೂ ನಡುಕ ಅಂದುಕೊಂಡಿದೆ. ಒಂದು ಸೊನ್ನೆ, ಬೆರಳು ಎತ್ತಿ, ಮನಸ್ಸಲ್ಲಿ "ಒಂದು" ಅಂದು, ಮತ್ತೊಂದು ಸೊನ್ನೆ. ನೋಟು ಎಣಿಸಿದ ಕೈ ಅಲ್ವಾ, ಲಯ ಬೇಗ ಹಿಡಿಯುತ್ತದೆ. ಪತ್ರ ಬರೆಯುವುದಿದ್ದರೆ ಗೂಗಲ್ ಡಾಕ್ಸ್ ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುತ್ತದೆ.

ಇನ್ನೊಬ್ಬ ಸದಸ್ಯರು (ಮಾಟುಂಗಾ):
ನನಗೆ ಪಾರ್ಕಿನ್ಸನ್ಸ್. ಇದೇ ಉಪಾಯ ಸಾಕಾ?

ಉತ್ತರ:
ಪೂರ್ತಿ ಅಲ್ಲ ಸರ್. ಎಸೆನ್ಷಿಯಲ್ ಟ್ರೆಮರ್ ಕೈ ಕೆಲಸಕ್ಕಿಳಿದಾಗ ಜಾಸ್ತಿ. ನಿಮ್ಮದರಲ್ಲಿ ಸಾಮಾನ್ಯವಾಗಿ ಸುಮ್ನೆ ಇಟ್ಟ ಕೈ ನಡುಗುತ್ತದೆ, ಜೊತೆಗೆ ಬೆರಳು ನಿಧಾನ. ಎರಡು ಕೀ ಒಟ್ಟಿಗೆ ಒತ್ತುವುದು ಕಷ್ಟವಾದರೆ ಸ್ಟಿಕಿ ಕೀಸ್ ಹಾಕಿ, ಒಂದಾದ ಮೇಲೊಂದು ಒತ್ತಿದರೆ ಸಾಕು. ಮಾತ್ರೆಯ ಗುಣ ಹಿಡಿದಿರುವ ಹೊತ್ತಿಗೆ ಕೆಲಸ ಇಟ್ಟುಕೊಳ್ಳಿ.

ಪ್ರಶ್ನಿಸಿದವರು:
ಹಾಗಾದರೆ ಮೌಸ್?

ಉತ್ತರ:
ಇಷ್ಟೆಲ್ಲ ಮಾಡಿಯೂ ಕಷ್ಟವಾದರೆ ಟ್ರ್ಯಾಕ್‌ಬಾಲ್, ಅಂದರೆ ಇದ್ದಲ್ಲೇ ಇದ್ದು ಗುಂಡಿನಿಂದ ಬಾಣ ಓಡಿಸುವ ಮೌಸ್. ಗುಂಡು ಉರುಳಿಸಿ, ಬಾಣ ನಿಂತ ಮೇಲೆ ಬೆರಳು ಎತ್ತಿ, ಆಮೇಲೆ ಬಟನ್ ಒತ್ತುವುದು. ಒತ್ತುವಾಗ ಕೈ ನಡುಗಿದರೂ ಬಾಣ ಅಲ್ಲೇ ಇರುತ್ತದೆ. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ. ಅಪ್ಪನನ್ನೂ ಕರೆದುಕೊಂಡು ಹೋಗಿ, ಗುಂಡು ಅವರ ಬೆರಳಿಗೆ ಒಗ್ಗಬೇಕಲ್ಲ.