ಪದಚರ್ಚೆ: ಹೊಸ ಚಿಕಿತ್ಸಕರ ‘ಸೂಪರ್‌ವಿಷನ್’ಗೆ ‘ಮೇಲ್ವಿಚಾರಣೆ’ ಸಲ್ಲುವುದೇ?

ಮಾನ್ಯರೇ,

ಔದ್ಯೋಗಿಕ ಚಿಕಿತ್ಸೆಯಲ್ಲಿ (ಆಕ್ಯುಪೇಷನಲ್ ಥೆರಪಿ, ಅಂದರೆ ಉಣ್ಣುವುದು, ಉಡುವುದು ಮೊದಲಾದ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಹೊಸದಾಗಿ ಪದವಿ ಪಡೆದು ಮಕ್ಕಳೊಂದಿಗೆ ಕೆಲಸಕ್ಕೆ ತೊಡಗುವವರಿಗಾಗಿ ಕಲಬುರಗಿಯಲ್ಲಿ ನಾವು ಕೆಲವರು ಕನ್ನಡದ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಅದರಲ್ಲಿ ಪುಟಪುಟಕ್ಕೂ ಬರುವ ‘ಸೂಪರ್‌ವಿಷನ್’ ಎಂಬ ಮಾತಿಗೆ ತಕ್ಕ ಕನ್ನಡ ಪದವನ್ನು ಬಲ್ಲವರು ಸೂಚಿಸಬೇಕೆಂದು ಕೋರುತ್ತೇನೆ.

(‘ಔದ್ಯೋಗಿಕ’ ಎಂಬುದೂ ತೊಡಕಿನ ಮಾತೇ. ಇಲ್ಲಿನ ತಾಯಂದಿರು ಅದನ್ನು ಕೇಳಿ, “ನಮ್ ಕೂಸಿಗಿ ಈಗೇ ಎಂಥಾ ನೌಕರಿ ರೀ?” ಎನ್ನುತ್ತಾರೆ. ಕಲ್ಯಾಣದ ನೆಲಕ್ಕೆ ಒಪ್ಪುವಂತೆ ‘ಕಾಯಕ ಚಿಕಿತ್ಸೆ’ ಎನ್ನಬಹುದೆಂಬ ಸಲಹೆ ಬಂದಿತ್ತು. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ‘ಕಾಯಚಿಕಿತ್ಸೆ’ಯೊಂದಿಗೆ ಅದು ಬೆರೆತುಹೋಗುತ್ತದೆಂದು ಕೈಬಿಟ್ಟೆವು.)

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈಗಳ ಚಲನೆ ಹತೋಟಿಗೆ ಬಾರದ ಸ್ಥಿತಿ) ಇರುವ ಮಗುವೊಂದು ಚಮಚ ಹಿಡಿದು ಉಣ್ಣಲು ಕಲಿಯುತ್ತಿದೆ ಎನ್ನಿ. ಅನ್ನ ಚೆಲ್ಲುವುದನ್ನು ಕಂಡ ಹೊಸಬರು ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡುತ್ತಾರೆ, ತಟ್ಟೆಯ ಬದಲು ಬಟ್ಟಲು ಇಡುತ್ತಾರೆ. ಪಕ್ಕದಲ್ಲಿರುವ ಹಿರಿಯರು ಕುರ್ಚಿಯಿಂದ ಜೋತುಬಿದ್ದ ಮಗುವಿನ ಕಾಲುಗಳ ಕೆಳಗೆ ಮಣೆಯೊಂದನ್ನು ಸರಿಸುತ್ತಾರೆ. ಪಾದ ಊರಿದರೆ ಮೈ ಸ್ಥಿರವಾಗುತ್ತದೆ, ಮೈ ಸ್ಥಿರವಾದರೆ ಕೈ ಹತೋಟಿಗೆ ಬರುವುದು ಸುಲಭವಾಗುತ್ತದೆ. ಮಗು ಮನೆಗೆ ಹೋದ ಮೇಲೆ ಇಬ್ಬರೂ ಕುಳಿತು, ತಾವು ಏನನ್ನು ಗಮನಿಸಿದೆವು, ಏನು ಕಣ್ತಪ್ಪಿತು, ನೆಲದ ಮೇಲೆ ಕುಳಿತೇ ಉಣ್ಣುವ ಮನೆಯಲ್ಲಿ ಮಣೆಗೆ ಬದಲಾಗಿ ಏನು ಮಾಡಬಹುದು ಎಂದು ಚರ್ಚಿಸುತ್ತಾರೆ. ಮಗು ರಚ್ಚೆ ಹಿಡಿದು ಅತ್ತ ದಿನ ಹೊಸಬರಿಗಾದ ಅಳುಕನ್ನು ಹೇಳಿಕೊಳ್ಳಲೂ ಅಲ್ಲಿ ಎಡೆಯಿರಬೇಕು. ಗೊತ್ತುಪಡಿಸಿದ ವೇಳೆಗೆ ತಪ್ಪದೆ ನಡೆಯುವ ಈ ಕೂಟಕ್ಕೇ ನಮಗೆ ಹೆಸರು ಬೇಕಾಗಿದೆ.

ನಿಘಂಟುಗಳು ಕೊಡುವ ‘ಮೇಲ್ವಿಚಾರಣೆ’ ಹಾಸ್ಟೆಲ್ ವಾರ್ಡನ್ನರನ್ನೂ ಹಾಜರಿ ಪುಸ್ತಕವನ್ನೂ ನೆನಪಿಗೆ ತರುತ್ತದೆ. ಅದರೊಳಗಿನ ‘ವಿಚಾರಣೆ’ಗೆ ಠಾಣೆಯ ವಾಸನೆಯೂ ಇದೆ. ತಪ್ಪು ಹುಡುಕಲು ಬಂದಿದ್ದಾರೆಂದು ಭಾವಿಸಿದ ಹೊಸಬರು ತಮಗೆ ತಿಳಿಯದ್ದನ್ನು ಮುಚ್ಚಿಡುತ್ತಾರೆ, ಅದರಿಂದ ನಷ್ಟವಾಗುವುದು ಮಗುವಿಗೆ. ನಮ್ಮ ಭಾಗದಲ್ಲಿ ಬಳಕೆಯಲ್ಲಿರುವ ‘ನಿಗರಾನಿ’ಯಂತೂ ಬರೀ ಕಾವಲು. ‘ಮಾರ್ಗದರ್ಶನ’ ಸಭ್ಯವಾದ ಪದವಾದರೂ, ದಾರಿ ಹಿರಿಯರಿಗೆ ಮೊದಲೇ ಗೊತ್ತಿದೆ ಎಂಬ ಭಾವ ಅದರಲ್ಲಿದೆ. ‘ತಿದ್ದಿಸುವುದು’ ಎಂಬ ಮಾತು ನನಗೆ ಪ್ರಿಯವಾದುದು. ಆದರೆ ಪಾಟಿಯ ಮೇಲೆ ತಿದ್ದುವ ಅಕ್ಷರಕ್ಕೆ ಗೊತ್ತಾದ ಒಂದು ರೂಪವಿರುತ್ತದೆ, ಪ್ರತಿ ಮಗುವೂ ಬೇರೆಯಾಗಿರುವ ಈ ಕೆಲಸದಲ್ಲಿ ಅಂಥದ್ದಿಲ್ಲ. ‘ಸಮಾಲೋಚನೆ’ಯನ್ನು ಆಪ್ತಸಲಹೆಯ ಅರ್ಥದಲ್ಲಿ ಈಗಾಗಲೇ ಬಳಸಿಬಿಟ್ಟಿದ್ದೇವೆ.

ಹೊಸಬರಿಗೆ ದೊರೆಯಬೇಕಾದ ಒಟ್ಟು ಬೆಂಬಲಕ್ಕೆ ‘ಒತ್ತಾಸೆ’ ಎಂಬ ಪದವನ್ನು ನಾನು ಒಪ್ಪಿಕೊಂಡಿದ್ದೇನೆ. ಅದರೊಳಗಿನ ಈ ಕೂಟಕ್ಕೆ ಸದ್ಯ ‘ಒಡನೋಟ’ ಎಂದು ಬರೆದಿಟ್ಟಿದ್ದೇನೆ. ಒಟ್ಟಿಗೆ ನೋಡುವುದು ಎಂಬ ಅರ್ಥ ಓದಿದೊಡನೆ ಹೊಳೆಯುವುದೇ, ಅಥವಾ ಟಂಕಿಸಿದ ಪದವೆಂದು ಎದ್ದು ಕಾಣುವುದೇ ಎಂಬುದನ್ನು ತಿಳಿಸಿ. ಬೀದರಿನ ಬಿದರಿ ಕೆಲಸದವರಲ್ಲಾಗಲಿ, ಯಾದಗಿರಿ ಕಡೆಯ ನೇಕಾರರಲ್ಲಾಗಲಿ, ಕಲಿಯುವವನ ಪಕ್ಕದಲ್ಲಿ ಕುಳಿತು ಅವನ ಕೆಲಸವನ್ನು ಅವನೊಂದಿಗೇ ನೋಡುವುದಕ್ಕೆ ಬಾಯಿಮಾತಿನ ಪದವಿದ್ದರೆ, ಅದನ್ನು ಯಾವ ಊರಿನಲ್ಲಿ, ಯಾವ ವಾಕ್ಯದಲ್ಲಿ ಕೇಳಿದಿರಿ ಎಂಬುದರ ಸಮೇತ ಬರೆಯಬೇಕಾಗಿ ವಿನಂತಿ.